ಎಷ್ಟು ಅಗುಳು ಹಿಸುಕಿ ನೋಡಬೇಕು?

ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯ. ಮಧ್ಯಾಹ್ನದ ಪ್ರಾಕ್ಟಿಕಲ್ ತರಗತಿ. ಒಂದು ಮೀಟರ್ ಉದ್ದದ ದಾರದ ತುದಿಯಲ್ಲಿ ಲೋಹದ ಗುಂಡು ಅತ್ತಿತ್ತ ತೂಗಾಡುತ್ತಿದೆ. ಒಬ್ಬ ಹುಡುಗ ಸ್ಟಾಪ್‌ವಾಚ್ ಹಿಡಿದು 20 ಆಂದೋಲನಗಳಿಗೆ ಎಷ್ಟು ಕಾಲ ಹಿಡಿಯುತ್ತದೆಂದು ಅಳೆಯುತ್ತಿದ್ದಾನೆ. ಐದು ಸಲ ಅಳೆದಾಗ ಅವನಿಗೆ ಸಿಕ್ಕಿದ್ದು 40.1, 40.3, 39.9, 40.2 ಮತ್ತು 40.0 ಸೆಕೆಂಡು. ಪಕ್ಕದಲ್ಲಿದ್ದ ಗೆಳೆಯ ಇಣುಕಿ ನೋಡುತ್ತಾನೆ.

"ಏನೋ ಇದು, ಒಂದೊಂದು ಸಲ ಒಂದೊಂದು ಬಂದಿದೆ? ಐದಕ್ಕೂ 40.1 ಅಂತ ಬರೆದುಬಿಡೋ. ವೈವಾದಲ್ಲಿ ಯಾರೂ ಏನೂ ಕೇಳಲ್ಲ."

"ಬಂದಿದ್ದೇ ಹೀಗೆ ಕಣೋ."

"ಬಂದಿದ್ದು ಯಾರಿಗೆ ಬೇಕು? ಜಿ ಬೆಲೆ 9.8 ಬರಬೇಕು, ಅಷ್ಟೇ."

ಈ ಮಾತುಕತೆ ಕೇಳಿಬರದ ಪ್ರಯೋಗಾಲಯ ಅಪರೂಪ. ಉತ್ತರ ಮೊದಲೇ ಗೊತ್ತಿರುವಾಗ ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದುಕೊಳ್ಳುವುದು ಸುಲಭ. ಅದಕ್ಕೆ 'ಅಡ್ಜಸ್ಟ್ ಮಾಡುವುದು' ಎಂಬ ಸೌಮ್ಯವಾದ ಹೆಸರೂ ಇದೆ. ಹಾಗೆ ಮಾಡಿದವನ ರೆಕಾರ್ಡ್ ನೋಡಲು ಚೆನ್ನಾಗಿರುತ್ತದೆ. ಪ್ರಾಮಾಣಿಕವಾಗಿ ಅಳೆದವನ ಪುಟ ಎಡವಟ್ಟಾಗಿ ಕಾಣುತ್ತದೆ. ಅಂಕಗಳ ಚಿಂತೆಯಲ್ಲಿರುವ ತಂದೆತಾಯಿಗಳಿಗೂ ಮೊದಲನೆಯದೇ ಮೆಚ್ಚುಗೆ.

ಆದರೆ ಐದು ಸಲ ಅಳೆದು ಐದು ಬೇರೆ ಬೇರೆ ಅಂಕಿ ಬರುವುದು ನಿಜವಾಗಿ ತಪ್ಪಿನ ಗುರುತೇ? ಆ ಐದು ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಗೆ ಗಟ್ಟಿಯಾದ ಉತ್ತರ ದೊರೆತು ಇನ್ನೂ 120 ವರ್ಷ ತುಂಬಿಲ್ಲ. ಅದನ್ನು ಕಂಡುಕೊಂಡವನು ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕನಲ್ಲ, ಬಿಯರ್ ತಯಾರಿಸುವ ಕಾರ್ಖಾನೆಯ ಒಬ್ಬ ರಸಾಯನ ಪದವೀಧರ. ಅವನ ಲೇಖನದಲ್ಲಿ ಅವನ ಹೆಸರು ಕೂಡ ಇರಲಿಲ್ಲ. ಲೇಖಕನ ಹೆಸರು ಇರಬೇಕಾದ ಕಡೆ ಇದ್ದದ್ದು 'ಸ್ಟೂಡೆಂಟ್', ಅಂದರೆ 'ವಿದ್ಯಾರ್ಥಿ' ಎಂದು.

ಕಾರ್ಖಾನೆಯಲ್ಲೊಬ್ಬ ವಿದ್ಯಾರ್ಥಿ

ಅವನ ನಿಜವಾದ ಹೆಸರು ವಿಲಿಯಂ ಸೀಲಿ ಗಾಸೆಟ್. ಹುಟ್ಟಿದ್ದು 1876ರಲ್ಲಿ, ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ. ಆಕ್ಸ್‌ಫರ್ಡಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿ, 1899ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಗಿನ್ನೆಸ್ ಕಂಪನಿಗೆ ಸೇರಿದ. ಆ ಕಾಲಕ್ಕೆ ಅದು ಜಗತ್ತಿನ ಅತಿ ದೊಡ್ಡ ಬಿಯರ್ ಕಾರ್ಖಾನೆಗಳಲ್ಲಿ ಒಂದು. ಅನುಭವದ ಕಣ್ಣಳತೆ, ಕೈಯಳತೆಗಳಿಂದ ನಡೆಯುತ್ತಿದ್ದ ಕೆಲಸಕ್ಕೆ ವಿಜ್ಞಾನದ ತಳಹದಿ ಹಾಕಬೇಕೆಂದು ಕಂಪನಿ ಪದವೀಧರರನ್ನು ಸೇರಿಸಿಕೊಳ್ಳುತ್ತಿತ್ತು.

ಬಿಯರಿನ ವಿಷಯ ಮಕ್ಕಳ ಪುಟದಲ್ಲಿ ಯಾಕೆ ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಇಲ್ಲಿ ಮುಖ್ಯವಾದದ್ದು ಪಾನೀಯವಲ್ಲ, ಅಳತೆ. ಯಾವ ತಳಿಯ ಬಾರ್ಲಿ ಹೆಚ್ಚು ಇಳುವರಿ ಕೊಡುತ್ತದೆ? ಯಾವ ಗೊಬ್ಬರ ಒಳ್ಳೆಯದು? ಕಹಿ ರುಚಿಗಾಗಿ ಹಾಕುವ ಹಾಪ್ ಹೂವಿನಲ್ಲಿ ರಾಳದ ಅಂಶ ಎಷ್ಟು? ಇವು ಅಲ್ಲಿಯ ಪ್ರಯೋಗಾಲಯದ ದಿನನಿತ್ಯದ ಪ್ರಶ್ನೆಗಳು. ಪ್ರತಿಯೊಂದಕ್ಕೂ ಪ್ರಯೋಗಗಳು ನಡೆಯುತ್ತಿದ್ದವು. ಆದರೆ ಹೊಲ ಬದಲಾದರೆ ಇಳುವರಿ ಬದಲಾಗುತ್ತಿತ್ತು. ಒಂದೇ ಮೂಟೆಯಿಂದ ತೆಗೆದ ಎರಡು ಹಿಡಿ ಹಾಪ್‌ನಲ್ಲಿಯೂ ರಾಳ ಒಂದೇ ಸಮ ಇರುತ್ತಿರಲಿಲ್ಲ. ಕಂಡ ವ್ಯತ್ಯಾಸ ನಿಜವಾದದ್ದೋ, ಅದೃಷ್ಟದ ಆಟವೋ? ತಪ್ಪು ತೀರ್ಮಾನ ತೆಗೆದುಕೊಂಡರೆ ನಷ್ಟ ಸಣ್ಣದಲ್ಲ.

ಗಣಿತ ಬಲ್ಲವನೆಂಬ ಕಾರಣಕ್ಕೆ ಸಹೋದ್ಯೋಗಿಗಳು ತಮ್ಮ ಅಂಕಿಗಳನ್ನು ಗಾಸೆಟ್‌ನ ಮೇಜಿನ ಮೇಲೆ ತಂದಿಡತೊಡಗಿದರು. ಅಳತೆಯ ದೋಷಗಳ ಬಗ್ಗೆ ಖಗೋಳ ವಿಜ್ಞಾನಿಗಳು ಬರೆದಿದ್ದ ಪುಸ್ತಕಗಳನ್ನು ಓದಿಕೊಂಡು ಅವನು 1904ರಲ್ಲಿ ಕಂಪನಿಗೆ ಒಂದು ವರದಿ ಕೊಟ್ಟ. ಪ್ರಯೋಗದ ಫಲಿತಾಂಶವನ್ನು ಹೇಳುವಾಗ ಅದನ್ನು ಎಷ್ಟು ನಂಬಬಹುದೆಂಬುದನ್ನೂ ಅಂಕಿಯಲ್ಲೇ ಹೇಳಬೇಕು ಎಂಬುದು ಅದರ ತಿರುಳು. ಜೊತೆಗೆ, ಇದಕ್ಕೆ ತನ್ನ ತಿಳಿವಳಿಕೆ ಸಾಲದು, ಬಲ್ಲವರನ್ನು ಕೇಳಬೇಕು ಎಂಬುದೂ ಅವನಿಗೆ ಮನವರಿಕೆಯಾಗಿತ್ತು.

ಆಗ ಸಂಖ್ಯಾಶಾಸ್ತ್ರದ ದೊಡ್ಡ ಹೆಸರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕಾರ್ಲ್ ಪಿಯರ್‌ಸನ್. 1905ರ ಜುಲೈನಲ್ಲಿ ಪಿಯರ್‌ಸನ್ ರಜೆಗೆಂದು ಈಸ್ಟ್ ಇಲ್ಸ್‌ಲಿ ಎಂಬ ಹಳ್ಳಿಗೆ ಬಂದಿದ್ದರು. ಗಾಸೆಟ್ ಸುಮಾರು 20 ಮೈಲಿ ಸೈಕಲ್ ತುಳಿದುಕೊಂಡು ಹೋಗಿ ಅವರನ್ನು ಕಂಡ. ಪಿಯರ್‌ಸನ್ ಅರ್ಧ ಗಂಟೆಯಲ್ಲಿ ಆಗ ಬಳಕೆಯಲ್ಲಿದ್ದ ಹೆಚ್ಚುಕಡಿಮೆ ಎಲ್ಲ ವಿಧಾನಗಳ ದಾರಿ ತೋರಿಸಿಕೊಟ್ಟರು. ಮರುವರ್ಷ ಕಂಪನಿ ಅವನನ್ನು ಲಂಡನ್ನಿಗೆ ಓದಲು ಕಳಿಸಿತು. 1906-07ರಲ್ಲಿ, 30ರ ವಯಸ್ಸಿನಲ್ಲಿ, ಏಳು ವರ್ಷ ಕೆಲಸ ಮಾಡಿದ ಅಧಿಕಾರಿ ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕುಳಿತ.

ಎಣಿಸುವುದರಲ್ಲೂ ದೋಷವಿದೆ

ಗಾಸೆಟ್ ಮೊದಲು ಬಿಡಿಸಿದ್ದು ಯೀಸ್ಟ್ ಎಣಿಕೆಯ ಸಮಸ್ಯೆ. ಇಡ್ಲಿ ಹಿಟ್ಟು ರಾತ್ರಿ ಕಳೆಯುವುದರೊಳಗೆ ಉಬ್ಬುವುದು ಸೂಕ್ಷ್ಮಜೀವಿಗಳಿಂದ. ಬಾರ್ಲಿಯ ರಸ ಹುದುಗುವುದೂ ಹಾಗೆಯೇ. ಅದಕ್ಕೆ ಹಾಕುವ ಯೀಸ್ಟ್ ಕಡಿಮೆಯಾದರೆ ಹುದುಗು ಪೂರ್ತಿಯಾಗುವುದಿಲ್ಲ, ಹೆಚ್ಚಾದರೆ ರುಚಿ ಕೆಡುತ್ತದೆ. ಆದ್ದರಿಂದ ದ್ರವದ ಒಂದು ಹನಿಯಲ್ಲಿ ಎಷ್ಟು ಯೀಸ್ಟ್ ಕೋಶಗಳಿವೆ ಎಂದು ಸೂಕ್ಷ್ಮದರ್ಶಕದಡಿ ಎಣಿಸುತ್ತಿದ್ದರು. ಅದಕ್ಕೆ ಬಳಸುತ್ತಿದ್ದದ್ದು ವೈದ್ಯರು ರಕ್ತಕಣ ಎಣಿಸಲು ಉಪಯೋಗಿಸುವ, ಸಣ್ಣ ಸಣ್ಣ ಚೌಕಗಳನ್ನು ಕೊರೆದ ಗಾಜಿನ ಪಟ್ಟಿ. ಒಂದು ಚದರ ಮಿಲಿಮೀಟರ್ ಜಾಗದಲ್ಲಿ 400 ಚೌಕಗಳು.

ಎಷ್ಟೇ ಚೆನ್ನಾಗಿ ಕಲಕಿದರೂ ಎಲ್ಲ ಚೌಕಗಳಲ್ಲೂ ಸಮಸಂಖ್ಯೆಯ ಕೋಶಗಳಿರುವುದಿಲ್ಲ. ಮಳೆ ಶುರುವಾದಾಗ ಅಂಗಳದ ಚಪ್ಪಡಿಗಳ ಮೇಲೆ ಬೀಳುವ ಹನಿಗಳಂತೆ ಒಂದರಲ್ಲಿ ಐದು, ಪಕ್ಕದ್ದರಲ್ಲಿ ಎರಡು, ಇನ್ನೊಂದರಲ್ಲಿ ಸೊನ್ನೆ. ಈ ಏರುಪೇರು ಎಣಿಸುವವನ ಅಜಾಗರೂಕತೆಯಲ್ಲ, ಅದಕ್ಕೆ ತನ್ನದೇ ನಿಯಮವಿದೆ ಎಂದು ಗಾಸೆಟ್ 1907ರ ಲೇಖನದಲ್ಲಿ ತೋರಿಸಿದ. ಫ್ರಾನ್ಸಿನ ಗಣಿತಜ್ಞ ಪ್ವಾಸಾನ್‌ನ ಹೆಸರಿನಿಂದ ಕರೆಯುವ ನಿಯಮವೇ ಅದು. ಅದರ ಪ್ರಕಾರ ಒಟ್ಟು ಎಣಿಕೆಯ ವರ್ಗಮೂಲವೇ ಆ ಎಣಿಕೆಯ ದೋಷದ ಅಂದಾಜು. 100 ಕೋಶ ಎಣಿಸಿದರೆ ದೋಷ ಸುಮಾರು 10, ಅಂದರೆ ಶೇಕಡ 10. 400 ಕೋಶ ಎಣಿಸಿದರೆ ದೋಷ 20, ಅಂದರೆ ಶೇಕಡ 5. ದೋಷ ಅರ್ಧವಾಗಬೇಕಾದರೆ ದುಡಿಮೆ ನಾಲ್ಕು ಪಟ್ಟಾಗಬೇಕು. ಪ್ರಯೋಗಾಲಯದಲ್ಲಿ ನಿಖರತೆ ಅಗ್ಗಕ್ಕೆ ಸಿಗುವುದಿಲ್ಲ.

ಮೂರು ಸಾವಿರ ಚೀಟಿಗಳು

ಇನ್ನು ಮುಖ್ಯ ಸಮಸ್ಯೆ. ಪಿಯರ್‌ಸನ್ ಮತ್ತು ಅವರ ಶಿಷ್ಯರು ನೂರಾರು, ಸಾವಿರಾರು ಅಳತೆಗಳನ್ನು ಇಟ್ಟುಕೊಂಡು ಕೆಲಸ ಮಾಡುವವರು. ಅಷ್ಟು ಅಳತೆಗಳಿದ್ದರೆ ಅವುಗಳ ಚದುರುವಿಕೆ ಎಷ್ಟೆಂಬುದು ಚೆನ್ನಾಗಿಯೇ ಗೊತ್ತಾಗುತ್ತದೆ. ಕಾರ್ಖಾನೆಯಲ್ಲಿ ಆ ಭಾಗ್ಯವಿಲ್ಲ. ಒಂದು ತಳಿಯ ಬಾರ್ಲಿಯನ್ನು ನಾಲ್ಕು ಹೊಲಗಳಲ್ಲಿ ಬೆಳೆದು ನೋಡುವುದೇ ದೊಡ್ಡ ಖರ್ಚು. ನಾಲ್ಕೇ ಅಂಕಿಗಳಿಂದ ಏನು ಹೇಳಬಹುದು?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ಗಾಸೆಟ್ ಕೇಳಿದ್ದೂ ಇದೇ ಜಾತಿಯ ಪ್ರಶ್ನೆ. ಎಷ್ಟು ಅಗುಳು ಹಿಸುಕಿದರೆ ಪಾತ್ರೆಯ ಬಗ್ಗೆ ಎಷ್ಟು ಧೈರ್ಯದಿಂದ ಮಾತಾಡಬಹುದು?

ತೊಡಕು ಇರುವುದು ಇಲ್ಲಿ. ಅಳತೆಗಳು ಕೆಲವೇ ಇದ್ದಾಗ ಅವು ಅಕಸ್ಮಾತ್ತಾಗಿ ಒಂದಕ್ಕೊಂದು ಹತ್ತಿರ ಬಂದುಬಿಡಬಹುದು. ಎರಡು ಸಲ ಅಳೆದು ಎರಡೂ ಸಲ 40.3 ಬಂದರೆ ನೋಡಿದವನಿಗೆ ಬಹಳ ನಂಬಿಕೆ ಹುಟ್ಟುತ್ತದೆ. ಆದರೆ ಅದು ಸುಳ್ಳು ಧೈರ್ಯ. ಮೂರನೆಯ ಸಲ ಅಳೆದರೆ 39.9 ಬರಬಹುದಿತ್ತು. ಅಂದರೆ ಸಣ್ಣ ಮಾದರಿಯಲ್ಲಿ ಸರಾಸರಿಯಷ್ಟೇ ಅಲ್ಲ, ಚದುರುವಿಕೆಯ ಅಂದಾಜು ಕೂಡ ಅಲುಗಾಡುತ್ತಿರುತ್ತದೆ. ಹಳೆಯ ವಿಧಾನ ಈ ಎರಡನೆಯ ಅಲುಗಾಟವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಗಾಸೆಟ್ ಇದಕ್ಕೆ ಒಂದು ಸೂತ್ರವನ್ನು ಹೊಂದಿಸಿದ. ಅದು ಸರಿಯೇ ಎಂದು ಪರೀಕ್ಷಿಸಲು ಅವನು ಆರಿಸಿಕೊಂಡ ದಾರಿ ಶಾಲಾ ಮಕ್ಕಳಿಗೂ ಅರ್ಥವಾಗುವಂಥದ್ದು. 3000 ಮಂದಿ ಕೈದಿಗಳ ಎತ್ತರ ಮತ್ತು ಎಡಗೈಯ ನಡುಬೆರಳಿನ ಉದ್ದದ ಅಳತೆಗಳು ಆಗಲೇ ಒಂದು ಲೇಖನದಲ್ಲಿ ಪ್ರಕಟವಾಗಿದ್ದವು. ಆ ಅಳತೆಗಳನ್ನು 3000 ರಟ್ಟಿನ ಚೀಟಿಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ಒಂದೊಂದಾಗಿ ಎತ್ತುತ್ತ ಪಟ್ಟಿ ಮಾಡಿಕೊಂಡು, ನಾಲ್ಕು ನಾಲ್ಕರ ಗುಂಪು ಮಾಡಿದ. 750 ಪುಟ್ಟ ಗುಂಪುಗಳಾದವು. ಪ್ರತಿ ಗುಂಪಿನ ಸರಾಸರಿ, ಚದುರುವಿಕೆ ಲೆಕ್ಕ ಹಾಕಿ ಸೂತ್ರದೊಡನೆ ಹೋಲಿಸಿದ. ಚೆನ್ನಾಗಿಯೇ ಹೊಂದಿಕೆಯಾಯಿತು. ಇಂದು ಕಂಪ್ಯೂಟರ್ ಕ್ಷಣದಲ್ಲಿ ಮಾಡುವ ಈ ಕೆಲಸವನ್ನು ಅವನು ಚೀಟಿ ಎತ್ತಿ ಮಾಡಿದ್ದ.

1908ರಲ್ಲಿ ಪಿಯರ್‌ಸನ್ನರ 'ಬಯೊಮೆಟ್ರಿಕಾ' ಪತ್ರಿಕೆಯಲ್ಲಿ ಈ ಲೇಖನ ಪ್ರಕಟವಾಯಿತು. ನೌಕರರು ತಮ್ಮ ಹೆಸರಿನಲ್ಲಿ ಲೇಖನ ಪ್ರಕಟಿಸುವುದನ್ನು ಕಂಪನಿ ಒಪ್ಪುತ್ತಿರಲಿಲ್ಲವಾದ್ದರಿಂದ 'ಸ್ಟೂಡೆಂಟ್' ಎಂಬ ಗುಪ್ತನಾಮ. ಅವನ ಗಣಿತದ ಸಾಧನೆಯಲ್ಲಿ ಒಂದೆರಡು ಕಡೆ ಊಹೆಯ ಜಿಗಿತವಿತ್ತು. 1912ರಲ್ಲಿ ಕೇಂಬ್ರಿಜ್‌ನಲ್ಲಿ ಓದಿದ್ದ 22ರ ತರುಣ ರೊನಾಲ್ಡ್ ಫಿಶರ್ ಪೂರ್ಣ ಸಾಧನೆಯನ್ನು ಬರೆದು ಕಳಿಸಿದ. ಗಾಸೆಟ್ ಅದು ತನಗೆ ಅರ್ಥವಾಗುತ್ತಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿ ಪಿಯರ್‌ಸನ್‌ಗೆ ರವಾನಿಸಿದ. ಮುಂದೆ ಫಿಶರ್ ಆ ಶತಮಾನದ ಅತಿ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲೊಬ್ಬರಾದರು. 1925ರಲ್ಲಿ ಅವರು ಸಂಶೋಧಕರಿಗಾಗಿ ಬರೆದ ಪುಸ್ತಕದ ಮೂಲಕ 'ಸ್ಟೂಡೆಂಟ್‌ನ ಟಿ' ಎಂಬ ಹೆಸರಿನಲ್ಲಿ ಈ ವಿಧಾನ ಜಗತ್ತಿನ ಪ್ರಯೋಗಾಲಯಗಳನ್ನೆಲ್ಲ ತಲುಪಿತು.

ಲೋಲಕದ ಐದು ಅಂಕಿಗಳು

ಈಗ ಹುಡುಗನ ರೀಡಿಂಗ್‌ಗಳಿಗೆ ಹಿಂತಿರುಗಬಹುದು. ಪೆನ್ನು, ಕಾಗದ ಹಿಡಿದರೆ ಹತ್ತು ನಿಮಿಷದ ಲೆಕ್ಕ.

ಮೊದಲು ಸರಾಸರಿ. ಐದು ಅಂಕಿಗಳನ್ನು ಕೂಡಿದರೆ 200.5; ಐದರಿಂದ ಭಾಗಿಸಿದರೆ 40.1 ಸೆಕೆಂಡು.

ಎರಡನೆಯದಾಗಿ, ಪ್ರತಿಯೊಂದು ಅಂಕಿ ಸರಾಸರಿಯಿಂದ ಎಷ್ಟು ದೂರ ಎಂದು ನೋಡಬೇಕು. ಕ್ರಮವಾಗಿ 0, +0.2, -0.2, +0.1, -0.1. ಇವನ್ನು ಹಾಗೆಯೇ ಕೂಡಿದರೆ ಸೊನ್ನೆ. ಆದ್ದರಿಂದ ಒಂದೊಂದನ್ನೂ ವರ್ಗ ಮಾಡಿ ಕೂಡಬೇಕು: 0 + 0.04 + 0.04 + 0.01 + 0.01 = 0.10.

ಇದನ್ನು ಐದರಿಂದಲ್ಲ, ನಾಲ್ಕರಿಂದ ಭಾಗಿಸಬೇಕು. ಏಕೆಂದರೆ ವ್ಯತ್ಯಾಸಗಳ ಮೊತ್ತ ಸೊನ್ನೆಯೇ ಆಗಬೇಕಾದ್ದರಿಂದ ನಾಲ್ಕು ವ್ಯತ್ಯಾಸಗಳು ಗೊತ್ತಾದರೆ ಐದನೆಯದು ತಾನಾಗಿ ನಿರ್ಧಾರವಾಗುತ್ತದೆ. ಸ್ವತಂತ್ರವಾದ ಸುದ್ದಿ ಕೊಡುವ ವ್ಯತ್ಯಾಸಗಳು ನಾಲ್ಕೇ. ಒಂದೇ ಸಲ ಅಳೆದವನಿಗೆ ಭಾಗಿಸಲು ಸಿಗುವುದು ಸೊನ್ನೆ. ಅಂದರೆ ಅವನ ಅಳತೆ ಎಷ್ಟು ಚದುರುತ್ತದೆಂದು ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ. 0.10ನ್ನು 4ರಿಂದ ಭಾಗಿಸಿದರೆ 0.025. ಅದರ ವರ್ಗಮೂಲ ಸುಮಾರು 0.16 ಸೆಕೆಂಡು. ಇದೇ ಮಾನಕ ವಿಚಲನೆ.

ಮನುಷ್ಯ ಕಂಡದ್ದಕ್ಕೆ ಸ್ಪಂದಿಸಿ ಬೆರಳು ಒತ್ತಲು ಸುಮಾರು 0.2 ಸೆಕೆಂಡು ಹಿಡಿಯುತ್ತದೆ, ಅದೂ ಪ್ರತಿ ಸಲ ಒಂದೇ ಸಮ ಇರುವುದಿಲ್ಲ. ಕೈಯಿಂದ ಒತ್ತುವ ಗಡಿಯಾರದಲ್ಲಿ ಇಷ್ಟು ಚದುರುವಿಕೆ ಬರುವುದೇ ಸಹಜ. ಐದಕ್ಕೈದೂ 40.1 ಎಂದು ಬರೆದವನ ಮಾನಕ ವಿಚಲನೆ ಸೊನ್ನೆ. ಅವನ ರೆಕಾರ್ಡ್ ಹೇಳುವುದು ಇಷ್ಟೇ: ಈ ಬೆರಳು ಮನುಷ್ಯನದಲ್ಲ, ಅಥವಾ ಈ ಅಂಕಿಗಳು ಗಡಿಯಾರದವಲ್ಲ.

ಮೂರನೆಯದಾಗಿ, ಸರಾಸರಿಯ ದೋಷ. ಐದರ ಸರಾಸರಿ ಒಂಟಿ ಅಳತೆಗಿಂತ ಸ್ಥಿರ. ಮಾನಕ ವಿಚಲನೆಯನ್ನು 5ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 0.07 ಸೆಕೆಂಡು. ಇದು ಮಾನಕ ದೋಷ.

ಕೊನೆಗೆ ಗಾಸೆಟ್‌ನ ಕೊಡುಗೆ. ಅಳತೆಗಳು ಸಾವಿರಾರು ಇದ್ದರೆ ಮಾನಕ ದೋಷದ 1.96 ಪಟ್ಟು ಆಚೀಚೆ ಎಲ್ಲೆ ಹಾಕಿದರೆ, 100ರಲ್ಲಿ 95 ಸಲ ನಿಜವಾದ ಬೆಲೆ ಅದರೊಳಗೆ ಸಿಕ್ಕುತ್ತದೆ. ಅಳತೆಗಳು ಕಡಿಮೆಯಿದ್ದರೆ ಎಲ್ಲೆ ಅಗಲವಾಗಬೇಕು. 10 ಅಳತೆಗಳಿದ್ದರೆ 2.26 ಪಟ್ಟು, 5 ಇದ್ದರೆ 2.78, 3 ಇದ್ದರೆ 4.30, ಬರೀ 2 ಇದ್ದರೆ 12.7 ಪಟ್ಟು! ಎರಡು ರೀಡಿಂಗ್ ತೆಗೆದುಕೊಂಡು ಸಾಕು ಎನ್ನುವ ವಿದ್ಯಾರ್ಥಿಗಳು ಈ ಕೊನೆಯ ಅಂಕಿಯನ್ನು ಗಮನಿಸಬೇಕು. ಎರಡರಿಂದ ಮೂರಕ್ಕೆ ಹೋಗುವ ಒಂದೇ ಹೆಜ್ಜೆಯಲ್ಲಿ ಸಿಗುವಷ್ಟು ಲಾಭ ಮುಂದೆ ಯಾವ ಹೆಜ್ಜೆಯಲ್ಲೂ ಸಿಗುವುದಿಲ್ಲ.

ಐದು ಅಳತೆಗಳಿಗೆ 2.78ನ್ನು 0.07ರಿಂದ ಗುಣಿಸಿದರೆ ಸುಮಾರು 0.2. ಆದ್ದರಿಂದ 20 ಆಂದೋಲನಗಳ ಕಾಲ 40.1 ± 0.2 ಸೆಕೆಂಡು. ಇದರಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿದರೆ ಬರುವುದು 9.82 ± 0.10 ಮೀಟರ್ ಪ್ರತಿ ಸೆಕೆಂಡು ವರ್ಗಕ್ಕೆ.

ಇಲ್ಲೊಂದು ಸ್ವಾರಸ್ಯವಿದೆ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ 9.8 ಅಥವಾ 9.81 ಎಲ್ಲ ಊರಿಗೂ ಒಂದೇ ಅಲ್ಲ. ಭೂಮಧ್ಯರೇಖೆಯ ಬಳಿ ಅದು ಸುಮಾರು 9.78, ಧ್ರುವಗಳಲ್ಲಿ 9.83. ಲಂಡನ್ನಿನಲ್ಲಿ 9.81, ಬೆಂಗಳೂರಿನಲ್ಲಿ ಸುಮಾರು 9.78. ಬೆಂಗಳೂರಿನ ಪ್ರಯೋಗಾಲಯದಲ್ಲಿ ರೀಡಿಂಗ್ ತಿದ್ದಿ 9.81 ತಂದವನು ಲಂಡನ್ನಿನ ಗುರುತ್ವವನ್ನು ಅಳೆದಂತಾಯಿತು! ಪ್ರಾಮಾಣಿಕ ಹುಡುಗನ ಉತ್ತರ 9.72ರಿಂದ 9.92ರವರೆಗೆ ಹರಡಿದೆ. 9.78 ಅದರೊಳಗೇ ಇದೆ. ಅವನ ಉತ್ತರ ಒರಟು, ಆದರೆ ನಿಜ. ಇನ್ನೂ ನಿಖರವಾಗಿ ಬೇಕೆಂದರೆ 20ರ ಬದಲು 50 ಆಂದೋಲನ ಎಣಿಸಬೇಕೆಂಬ ದಾರಿಯನ್ನೂ ಅದೇ ತೋರಿಸುತ್ತದೆ. ಬೆರಳಿನ ದೋಷ ಅಷ್ಟೇ ಇದ್ದರೂ ಅದು ಹೆಚ್ಚು ಆಂದೋಲನಗಳಿಗೆ ಹಂಚಿಹೋಗುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯುವ ಬದಲು ಗುಂಡಿನ ತಲೆಯವರೆಗೆ ಮಾತ್ರ ಅಳೆದಿದ್ದರೆ ಎಲ್ಲ ಉತ್ತರಗಳೂ ಒಂದೇ ದಿಕ್ಕಿಗೆ ವಾಲುತ್ತವೆ. ಐದಲ್ಲ, ಐನೂರು ಸಲ ಅಳೆದರೂ ಸಂಖ್ಯಾಶಾಸ್ತ್ರ ಆ ತಪ್ಪನ್ನು ಹಿಡಿದುಕೊಡದು. ಅದಕ್ಕೆ ಬೇಕಾದದ್ದು ಪ್ರಯೋಗ ಮಾಡುವವನ ಕಣ್ಣು.

ಹತ್ತು ಮಂದಿಯ ನಿದ್ರೆ

ಗಾಸೆಟ್ ತನ್ನ 1908ರ ಲೇಖನದಲ್ಲಿ ಉದಾಹರಣೆಯಾಗಿ ತೆಗೆದುಕೊಂಡದ್ದು 1905ರಲ್ಲಿ ಪ್ರಕಟವಾಗಿದ್ದ ಒಂದು ವೈದ್ಯಕೀಯ ಪ್ರಯೋಗ. ನಿದ್ರೆ ಬರಿಸುವ ಎರಡು ಔಷಧಿಗಳನ್ನು ಅದೇ 10 ಮಂದಿ ರೋಗಿಗಳಿಗೆ ಬೇರೆ ಬೇರೆ ರಾತ್ರಿಗಳಲ್ಲಿ ಕೊಟ್ಟಿದ್ದರು. ಒಂದರಿಂದ ಸರಾಸರಿ 0.75 ಗಂಟೆ, ಇನ್ನೊಂದರಿಂದ 2.33 ಗಂಟೆ ಹೆಚ್ಚು ನಿದ್ರೆ ಬಂದಿತ್ತು. ಎರಡನೆಯದು ನಿಜವಾಗಿ ಮೇಲೇ?

ಈ ಅಂಕಿಗಳನ್ನು ಎರಡು ಬೇರೆ ಬೇರೆ ಗುಂಪಿನವೆಂದು ತಿಳಿದು ಇಂದಿನ ವಿಧಾನದಲ್ಲಿ ಲೆಕ್ಕ ಹಾಕಿದರೆ ಟಿ ಬೆಲೆ 1.86 ಬರುತ್ತದೆ. ಬೇಕಾದದ್ದು 2.10. ಅಂದರೆ ಖಚಿತವಾಗಿ ಹೇಳಲಾಗದು. ಆದರೆ ರೋಗಿಗಳು ಎರಡೂ ಸಲ ಅವರೇ. ಕೆಲವರಿಗೆ ಯಾವ ಔಷಧಿ ಕೊಟ್ಟರೂ ಮೂರು ನಾಲ್ಕು ಗಂಟೆ ನಿದ್ರೆ ಹೆಚ್ಚುತ್ತದೆ, ಕೆಲವರಿಗೆ ಯಾವುದೂ ತಟ್ಟುವುದಿಲ್ಲ. ಒಬ್ಬೊಬ್ಬ ರೋಗಿಯಲ್ಲೂ ಎರಡು ಔಷಧಿಗಳ ನಡುವಿನ ಅಂತರವನ್ನಷ್ಟೇ ನೋಡಿದರೆ ಮನುಷ್ಯ ಮನುಷ್ಯರ ನಡುವಿನ ಈ ವ್ಯತ್ಯಾಸ ಲೆಕ್ಕದಿಂದ ಬಿದ್ದುಹೋಗುತ್ತದೆ. ಹಾಗೆ ನೋಡಿದಾಗ ಸರಾಸರಿ ಅಂತರ 1.58 ಗಂಟೆ, ಮಾನಕ ದೋಷ 0.39. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 4.06. ಬೇಕಾದದ್ದು 2.26 ಮಾತ್ರ. ಈಗ ಅನುಮಾನಕ್ಕೆ ಹೆಚ್ಚು ಎಡೆಯಿಲ್ಲ. ಅಂಕಿಗಳು ಅವೇ, ಆದರೆ ಅವುಗಳನ್ನು ಜೋಡಿಸುವ ಬಗೆಯಲ್ಲಿ ವಿವೇಕವಿದ್ದರೆ ಮಾತ್ರ ಅವು ಬಾಯಿ ಬಿಡುತ್ತವೆ.

ಕಲಕದ ಪಾತ್ರೆ

ಪಾತ್ರೆಯ ಅನ್ನವನ್ನು ಒಂದು ಅಗುಳಿನಿಂದ ತಿಳಿಯಬಹುದು ಎನ್ನುವುದಕ್ಕೆ ಒಂದು ಷರತ್ತಿದೆ. ಅನ್ನ ಎಲ್ಲ ಕಡೆಯೂ ಸಮನಾಗಿ ಬೆಂದಿರಬೇಕು, ಇಲ್ಲವೇ ಕಲಕಿ ತೆಗೆದ ಅಗುಳಾಗಿರಬೇಕು. ಅದನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಗಾಸೆಟ್ ಎತ್ತಿ ತೋರಿಸಿದ ಒಂದು ಪ್ರಸಂಗ ತಂದೆತಾಯಿಗಳಿಗೂ ಶಿಕ್ಷಕರಿಗೂ ಹತ್ತಿರದ್ದು.

1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರ್ ಪ್ರಾಂತದ ಶಾಲೆಗಳಲ್ಲಿ 20,000 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. 10,000 ಮಕ್ಕಳಿಗೆ ಶಾಲೆಯಲ್ಲಿ ದಿನವೂ ಮುಕ್ಕಾಲು ಪಿಂಟ್, ಅಂದರೆ ಸುಮಾರು 425 ಮಿಲಿಲೀಟರ್ ಹಾಲು. ಉಳಿದ 10,000 ಮಕ್ಕಳಿಗೆ ಹಾಲಿಲ್ಲ. ಫೆಬ್ರವರಿಯಲ್ಲೊಮ್ಮೆ, ಜೂನ್‌ನಲ್ಲೊಮ್ಮೆ ಎತ್ತರ, ತೂಕ ಅಳೆದು ಹೋಲಿಸುವುದು. ಇಷ್ಟು ದೊಡ್ಡ ಸಂಖ್ಯೆಯಿದ್ದಾಗ ತಪ್ಪಾಗಲು ಸಾಧ್ಯವೇ?

ಸಾಧ್ಯ ಎಂದು ಗಾಸೆಟ್ 1931ರಲ್ಲಿ ಬರೆದ. ಮಕ್ಕಳನ್ನು ಮೊದಲು ಚೀಟಿ ಎತ್ತಿ ಅಥವಾ ಅಕಾರಾದಿಯಾಗಿ ಎರಡು ಗುಂಪು ಮಾಡಿದ್ದರು. ಆದರೆ ಯಾವುದಾದರೂ ಗುಂಪಿನಲ್ಲಿ ಪುಷ್ಟ ಮಕ್ಕಳೋ ಬಡಕಲು ಮಕ್ಕಳೋ ಹೆಚ್ಚಾದಂತೆ ಕಂಡರೆ ಅದಲುಬದಲು ಮಾಡಬಹುದೆಂದು ಶಿಕ್ಷಕರಿಗೆ ಅವಕಾಶ ಕೊಟ್ಟಿದ್ದರು. ಮೇಷ್ಟ್ರ ಮನಸ್ಸು ಎಲ್ಲಿಯಾದರೂ ಒಂದೇ. ಹೊಟ್ಟೆ ತುಂಬ ಉಣ್ಣದ ಮಗು ಎದುರಿಗಿರುವಾಗ ಹಾಲಿನ ಲೋಟವನ್ನು ಉಳ್ಳವರ ಮಗುವಿಗೆ ಕೊಡಲು ಕೈ ಏಳುವುದಿಲ್ಲ. ಹೀಗೆ ಹಾಲು ಕುಡಿಯುವ ಗುಂಪಿಗೆ ಬಡ ಮಕ್ಕಳು ಹೆಚ್ಚಾಗಿ ಸೇರಿಕೊಂಡರು. ಪ್ರಯೋಗ ಆರಂಭವಾಗುವ ಮೊದಲೇ ಹಾಲಿಲ್ಲದ ಗುಂಪಿನ ಮಕ್ಕಳು ತೂಕದಲ್ಲಿ ಸುಮಾರು ಮೂರು ತಿಂಗಳ, ಎತ್ತರದಲ್ಲಿ ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿದ್ದರು.

ಇನ್ನೊಂದು ಸೂಕ್ಷ್ಮ. ತೂಕ ನೋಡಿದ್ದು ಬಟ್ಟೆ ಸಮೇತ. ಫೆಬ್ರವರಿಯ ಚಳಿಯಲ್ಲಿ ದಪ್ಪ ಬಟ್ಟೆ, ಜೂನ್‌ನಲ್ಲಿ ತೆಳು ಬಟ್ಟೆ. ಅನುಕೂಲಸ್ಥರ ಮಕ್ಕಳು ಚಳಿಗಾಲದ ಭಾರದ ಉಡುಪನ್ನು ಕಳಚಿ ಬಂದಿದ್ದರಿಂದ ಅವರ ತೂಕದ ಏರಿಕೆ ಕಡಿಮೆಯಾಗಿ ಕಂಡಿತು. ಎರಡು ಕಾಲಕ್ಕೂ ಅದೇ ಬಟ್ಟೆ ತೊಡುವ ಬಡ ಮಗುವಿಗೆ ಆ ಇಳಿತವಿಲ್ಲ. ಹಾಲಿನಿಂದ ಬಂದ ತೂಕ ಯಾವುದು, ಬಟ್ಟೆಯಿಂದ ಬಂದ ವ್ಯತ್ಯಾಸ ಯಾವುದು ಎಂದು ಬಿಡಿಸಿ ಹೇಳಲಾಗದ ಸ್ಥಿತಿ. 20,000 ಮಕ್ಕಳ ಬದಲು 50 ಜೋಡಿ ತದ್ರೂಪಿ ಅವಳಿಗಳನ್ನು ತೆಗೆದುಕೊಂಡು, ಪ್ರತಿ ಜೋಡಿಯಲ್ಲಿ ಯಾರಿಗೆ ಹಾಲು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದ್ದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ನಂಬಿಕೆಯ ಉತ್ತರ ಸಿಗುತ್ತಿತ್ತು ಎಂದು ಗಾಸೆಟ್ ಸೂಚಿಸಿದ.

ಇದರರ್ಥ ಆ ಶಿಕ್ಷಕರು ಕೆಟ್ಟವರೆಂದಲ್ಲ. ಅವರ ಕರುಣೆ ದೊಡ್ಡದು. ಆದರೆ ಮನಸ್ಸಿನ ಒಲವು, ಅದು ಎಷ್ಟೇ ಒಳ್ಳೆಯದಾಗಿರಲಿ, ಅಂಕಿಗಳೊಳಗೆ ಸೇರಿಕೊಂಡರೆ ಅಂಕಿಗಳು ದಾರಿ ತಪ್ಪಿಸುತ್ತವೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಅದಲುಬದಲೇ ಇಷ್ಟು ಕೆಡಿಸಬಲ್ಲದಾದರೆ, ಅಂಕದ ಆಸೆಗೆ ಮಾಡುವ ಅದಲುಬದಲಿನ ಮಾತೇನು?

ಹೂವಿನ ಹಡಗಲಿಯಿಂದ ಕೇಂಬ್ರಿಜ್‌ಗೆ

ಭಾರತಕ್ಕೆ ಈ ವಿದ್ಯೆ ಬಂದ ಕಥೆಯೂ ಚೆನ್ನಾಗಿದೆ. ಕಲ್ಕತ್ತೆಯ ಪ್ರಶಾಂತಚಂದ್ರ ಮಹಲನೋಬಿಸ್ ಕೇಂಬ್ರಿಜ್‌ನಲ್ಲಿ ಓದಿದ್ದು ಭೌತಶಾಸ್ತ್ರ. 1915ರಲ್ಲಿ ಊರಿಗೆ ಹೊರಟಾಗ ಅವರ ಕೈಗೆ 'ಬಯೊಮೆಟ್ರಿಕಾ'ದ ಸಂಪುಟಗಳು ಸಿಕ್ಕವು. ಆ ಓದು ಅವರ ಜೀವನದ ದಾರಿಯನ್ನೇ ಬದಲಿಸಿತು. 1931ರಲ್ಲಿ ಅವರು ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಒಂದು ಕೇಂದ್ರ ಬೆಂಗಳೂರಿನಲ್ಲಿಯೂ ಇದೆ.

1941ರಲ್ಲಿ ಆ ಸಂಸ್ಥೆಗೆ ತರಬೇತಿಗೆಂದು ಸೇರಿದ ತರುಣರಲ್ಲಿ ಸಿ. ಆರ್. ರಾವ್ ಒಬ್ಬರು. ತೆಲುಗು ಮನೆತನದ ಅವರು ಹುಟ್ಟಿದ್ದು 1920ರಲ್ಲಿ, ಇಂದು ಕರ್ನಾಟಕದಲ್ಲಿರುವ ಹೂವಿನ ಹಡಗಲಿಯಲ್ಲಿ. 1946ರಲ್ಲಿ ಅವರನ್ನು ಕೇಂಬ್ರಿಜ್‌ನ ವಸ್ತುಸಂಗ್ರಹಾಲಯಕ್ಕೆ ಕಳಿಸಿದ್ದು ಸುಡಾನಿನಲ್ಲಿ ಅಗೆದು ತೆಗೆದ ಪುರಾತನ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಲು. ಅಲ್ಲಿಯೇ ಫಿಶರ್ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಡಾಕ್ಟರೇಟ್ ಪಡೆದರು. ಗಾಸೆಟ್‌ನಿಂದ ಫಿಶರ್‌ಗೆ, ಫಿಶರ್‌ರಿಂದ ರಾವ್‌ಗೆ ಹರಿದ ಈ ಧಾರೆ ದೂರದ್ದೇನಲ್ಲ. ಪದ್ಮವಿಭೂಷಣ ಪುರಸ್ಕೃತ ರಾವ್ 2023ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಗಾಸೆಟ್ ತೀರಿಕೊಂಡದ್ದು 1937ರಲ್ಲಿ, 61ರ ವಯಸ್ಸಿನಲ್ಲಿ. ಕೊನೆಯವರೆಗೂ ಅದೇ ಕಂಪನಿಯ ನೌಕರ. ಅವನ ಹೆಸರು ಬಹುಮಂದಿಗೆ ಇಂದಿಗೂ ಗೊತ್ತಿಲ್ಲ. ಆದರೆ 'ಸ್ಟೂಡೆಂಟ್‌ನ ಟಿ' ಇಲ್ಲದೆ ಹೊಸ ಔಷಧಿಯ ಪರೀಕ್ಷೆಯಾಗಲಿ, ಹೊಸ ಭತ್ತದ ತಳಿಯ ಪರೀಕ್ಷೆಯಾಗಲಿ ನಡೆಯುವುದು ಕಷ್ಟ.

ಮನೆಯಲ್ಲೇ ಮಾಡಿ ನೋಡಿ

ಇದನ್ನು ಕಲಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಬೆಳಿಗ್ಗೆ ಎದ್ದೊಡನೆ ಒಂದು ನಿಮಿಷ ನಾಡಿಬಡಿತ ಎಣಿಸಿ ಬರೆದಿಡಬೇಕು. ಹೀಗೆ ಐದು ದಿನ. ಮೇಲಿನ ಲೆಕ್ಕದಂತೆಯೇ ಸರಾಸರಿ, ಮಾನಕ ವಿಚಲನೆ, ಮಾನಕ ದೋಷ ಕಂಡುಹಿಡಿದು, 2.78ರಿಂದ ಗುಣಿಸಿ ಎಲ್ಲೆ ಹಾಕಬೇಕು. ಮುಂದಿನ ವಾರ ಮೆಟ್ಟಿಲು ಹತ್ತಿ ಇಳಿದ ಮೇಲೆ ಎಣಿಸಿ ಇನ್ನೊಂದು ಪಟ್ಟಿ. ಎರಡು ಎಲ್ಲೆಗಳು ಒಂದರ ಮೇಲೊಂದು ಬೀಳುತ್ತವೆಯೇ, ದೂರ ನಿಲ್ಲುತ್ತವೆಯೇ? ಮೊದಲ ಸಲ ಕೈಯಿಂದಲೇ ಲೆಕ್ಕ ಹಾಕುವುದು ಒಳ್ಳೆಯದು. ಕಂಪ್ಯೂಟರಿನ ಒಂದು ಕೀಲಿ ಉತ್ತರ ಕೊಡುತ್ತದೆ. ಉತ್ತರ ಎಲ್ಲಿಂದ ಬಂತೆಂಬುದು ತಿಳಿಯುವುದು ಕೈ ನೋಯಿಸಿಕೊಂಡಾಗಲೇ.

ತಂದೆತಾಯಿಗಳಿಗೂ ಒಂದು ಕೆಲಸವಿದೆ. ಮಗನೋ ಮಗಳೋ ರೆಕಾರ್ಡ್ ತೋರಿಸಿದಾಗ 'ಉತ್ತರ ಸರಿ ಬಂತೇ?' ಎಂದು ಕೇಳುವ ಬದಲು 'ಎಷ್ಟು ಸಲ ಅಳೆದೆ? ಎಷ್ಟೆಷ್ಟು ಬಂತು?' ಎಂದು ಕೇಳಬಹುದು. ಒಂದೊಂದು ಸಲ ಒಂದೊಂದು ಬಂದಿದೆ ಎಂದು ಮಗು ಹೇಳಿದರೆ ಗದರಿಸಬೇಕಾಗಿಲ್ಲ. ಮುಂದೊಂದು ದಿನ ಆ ಮಗು ರಕ್ತಪರೀಕ್ಷೆಯ ಲ್ಯಾಬಿನಲ್ಲೋ, ಸೇತುವೆಗೆ ಬಳಸುವ ಕಾಂಕ್ರೀಟಿನ ಗಟ್ಟಿತನ ಅಳೆಯುವ ಕಡೆಯೋ ಕೂರಬಹುದು. ಅಲ್ಲಿ ಪುಸ್ತಕದ ಕೊನೆಯಲ್ಲಿ ಉತ್ತರ ಅಚ್ಚಾಗಿರುವುದಿಲ್ಲ.

ಲೋಲಕದ ಪಕ್ಕದಲ್ಲಿ ನಿಂತ ಆ ಹುಡುಗ 40.1, 40.3, 39.9, 40.2, 40.0 ಎಂದು ಬಂದದ್ದನ್ನು ಬಂದಂತೆಯೇ ಬರೆದುಕೊಂಡರೆ ಅವನು ಅರ್ಧ ಸಂಖ್ಯಾಶಾಸ್ತ್ರವನ್ನು ಆಗಲೇ ಕಲಿತಂತೆ. ಉಳಿದ ಅರ್ಧ, ಕೂಡಿ ಕಳೆಯುವುದು.